ಮಧ್ಯಮ ನಗರ: ಬಾಡಿಗೆಯ ಲೆಕ್ಕದಾಚೆಗೆ

ಬೆಂಗಳೂರನ್ನು ಬಿಟ್ಟು ದಾವಣಗೆರೆಗೋ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋಗಿ ನೆಲೆಸುವ ಮಾತು ಮಧ್ಯಮ ವರ್ಗದ ಮನೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ಒಂದು ಕಾಲಕ್ಕೆ ಇದು ನಿವೃತ್ತರು ಮಾತ್ರ ಆಡುವ ಮಾತಾಗಿತ್ತು. 2020ರ ಕೋವಿಡ್ ದಿನಗಳಲ್ಲಿ ಹುಟ್ಟೂರುಗಳಿಗೆ ಮರಳಿ ಅಲ್ಲಿಂದಲೇ ಕೆಲಸ ಮಾಡಿದ ಮೂವತ್ತರ ಹರೆಯದವರೂ ಈಗ ಹೀಗೆ ಯೋಚಿಸತೊಡಗಿದ್ದಾರೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಬಡಾವಣೆಗಳು ಟ್ಯಾಂಕರಿನ ದಾರಿ ಕಾದು ಕುಳಿತ ಮೇಲೆ ಈ ಯೋಚನೆಗೆ ಇನ್ನಷ್ಟು ಬಲ ಬಂದಿದೆ. ಸರ್ಕಾರಿ ಸೇವೆಯ ನಿಮಿತ್ತ ಹಲವು ಜಿಲ್ಲೆಗಳ ನೀರು ಕುಡಿದವನೆಂಬ ಕಾರಣಕ್ಕೆ ಪರಿಚಿತರು ನನ್ನನ್ನು ಕೇಳುವುದುಂಟು: ಹೋಗಬಹುದೆ? ಹೋದರೆ ಬದುಕು ಹೇಗಿರುತ್ತದೆ?

ಹೀಗೆ ಕೇಳುವವರಲ್ಲಿ ಹೆಚ್ಚಿನವರು ಒಂದು ಲೆಕ್ಕವನ್ನು ಮಾಡಿಕೊಂಡೇ ಬಂದಿರುತ್ತಾರೆ. ಮನೆ ಬಾಡಿಗೆ, ನಿವೇಶನದ ಬೆಲೆ, ಶಾಲೆಯ ಶುಲ್ಕ, ದಿನಕ್ಕೆ ಉಳಿಯುವ ಪ್ರಯಾಣದ ಸಮಯ, ಹೀಗೆ ಒಂದೊಂದನ್ನೂ ಎರಡು ಕಲಮುಗಳಲ್ಲಿ ಬರೆದು ಕೂಡಿಸಿರುತ್ತಾರೆ. ಅರ್ಥಶಾಸ್ತ್ರ ಓದಿದ ನನಗೆ ಇಂತಹ ಲೆಕ್ಕದ ಬಗ್ಗೆ ಗೌರವವೇ ಇದೆ. ಆದರೆ ಅದರಲ್ಲಿ ಒಂದು ಬಾಬತ್ತು ಯಾವಾಗಲೂ ಬಿಟ್ಟುಹೋಗಿರುತ್ತದೆ. ಆ ಊರನ್ನು ಆಳುವವರು ಯಾರು, ಅವರಿಗೂ ನಮಗೂ ಇರುವ ದೂರ ಎಷ್ಟು ಎಂಬುದೇ ಆ ಬಾಬತ್ತು. ಮಧ್ಯಮ ಗಾತ್ರದ ಊರಿನ ನಿಜವಾದ ಲಾಭ ಇರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ನಮ್ಮ ರಾಜ್ಯದಲ್ಲಿ ಸದ್ದಿಲ್ಲದೆ ಕರಗುತ್ತಿರುವುದೂ ಇದೇ ಲಾಭ.

ಈ ಮಾತನ್ನು ಹೇಳಲು ನನಗೆ ದೂರದ ಉದಾಹರಣೆ ಬೇಕಿಲ್ಲ. ನಾನು ಇರುವ ಯಲಹಂಕವೇ ಸಾಕು. 1998ರಲ್ಲಿ ನಾವು ಯಲಹಂಕ ಉಪನಗರಕ್ಕೆ ಬಂದಾಗ ಅದು ಬೆಂಗಳೂರಾಗಿರಲಿಲ್ಲ. ಮಾರುಕಟ್ಟೆಗೋ ಮೆಜೆಸ್ಟಿಕ್ಕಿಗೋ ಹೊರಟವರು ‘ಬೆಂಗಳೂರಿಗೆ ಹೋಗಿ ಬರುತ್ತೇವೆ’ ಎಂದೇ ಹೇಳುತ್ತಿದ್ದರು. ಹೆಬ್ಬಾಳ ದಾಟಿ, ಕೃಷಿ ವಿಶ್ವವಿದ್ಯಾಲಯದ ಹಸಿರನ್ನು ಹಾದು, ದ್ರಾಕ್ಷಿ ತೋಟಗಳು ಕಾಣತೊಡಗಿದರೆ ನಮ್ಮ ಊರು ಬಂತೆಂದು ಅರ್ಥ. ಊರಿಗೆ ತನ್ನದೇ ಆದ ದುಡಿಮೆಯ ನೆಲೆಗಳಿದ್ದವು: 1984ರಲ್ಲಿ ಆರಂಭವಾದ ರೈಲು ಗಾಲಿ ಕಾರ್ಖಾನೆ, ವಾಯುನೆಲೆ, ಅರೆಸೇನಾ ಪಡೆಗಳ ತರಬೇತಿ ಕೇಂದ್ರಗಳು. ಹಳೆಯ ಊರಿನಲ್ಲಿ ಪೇಟೆ ಬೀದಿ, ಕೆರೆ, ಗುಡಿಗಳಿದ್ದವು. ಹೊಸ ಉಪನಗರದಲ್ಲಿ ಗೃಹಮಂಡಳಿಯ ಸಾಲು ಮನೆಗಳಿದ್ದವು. 2001ರ ಜನಗಣತಿಯ ಪ್ರಕಾರ ಒಟ್ಟು ಜನಸಂಖ್ಯೆ ಸುಮಾರು 93 ಸಾವಿರ.

ಎಲ್ಲಕ್ಕಿಂತ ಮುಖ್ಯವಾಗಿ, ಊರಿಗೆ ಸ್ವಂತದ್ದೊಂದು ನಗರಸಭೆ ಇತ್ತು. ಅದು ಆದರ್ಶ ಸಂಸ್ಥೆಯಾಗಿತ್ತು ಎಂದು ನಾನು ಹೇಳುವುದಿಲ್ಲ. ಬೀದಿದೀಪ ಕೆಟ್ಟರೆ ಕೆಲವೊಮ್ಮೆ ಎರಡು ದಿನದಲ್ಲಿ ಸರಿಯಾಗುತ್ತಿತ್ತು, ಕೆಲವೊಮ್ಮೆ ಎರಡು ತಿಂಗಳಾದರೂ ಆಗುತ್ತಿರಲಿಲ್ಲ. ಆದರೆ ಯಾರನ್ನು ಕೇಳಬೇಕೆಂಬುದು ನಮಗೆ ಗೊತ್ತಿತ್ತು. ನಮ್ಮ ಭಾಗದ ಸದಸ್ಯರು ಬೆಳಿಗ್ಗೆ ಹಾಲಿನ ಬೂತಿನ ಬಳಿಯೇ ಸಿಗುತ್ತಿದ್ದರು. ನಲ್ಲಿಗೆ ನೀರು ಬಿಡುವಾತನ ಮನೆ ಯಾವುದೆಂದು ಬಡಾವಣೆಯ ಹೆಂಗಸರಿಗೆಲ್ಲ ಗೊತ್ತಿತ್ತು. ಕಂದಾಯ ಕಟ್ಟಲು ಹೋದವರು ಹಾಗೆಯೇ ಪೌರಾಯುಕ್ತರ ಕೊಠಡಿಯ ಬಾಗಿಲಲ್ಲಿ ನಿಂತು ಚರಂಡಿಯ ಅಹವಾಲು ಹೇಳಿ ಬರಬಹುದಿತ್ತು. ಕೆಲಸ ಆಗದಿದ್ದರೆ ಆಗಲಿಲ್ಲವೆಂದು ಮುಖಕ್ಕೆ ಹೇಳುವಷ್ಟು ಸಲಿಗೆಯೂ ಇತ್ತು.

2007ರ ಜನವರಿಯಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಆ ಏಳರಲ್ಲಿ ಯಲಹಂಕವೂ ಒಂದು. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರು ಯಲಹಂಕ ನಾಡಿನ ಪ್ರಭುಗಳು. ನಾನೂರ ಎಪ್ಪತ್ತು ವರ್ಷಗಳ ಬಳಿಕ ಮಗಳು ತವರುಮನೆಯನ್ನೇ ತನ್ನ ಕೋಣೆಯಾಗಿಸಿಕೊಂಡಂತಾಯಿತು. ಮರುವರ್ಷ, 2008ರ ಮೇ ತಿಂಗಳಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿತು. ನಾವು ಮನೆ ಬದಲಿಸಲಿಲ್ಲ, ಸಾಮಾನು ಕಟ್ಟಲಿಲ್ಲ. ಕುಳಿತಲ್ಲೇ ಮಧ್ಯಮ ಊರಿನಿಂದ ಮಹಾನಗರಕ್ಕೆ ವಲಸೆ ಬಂದೆವು.

ಈ ವಲಸೆಯಿಂದ ಲಾಭವಾಗಲಿಲ್ಲ ಎಂದರೆ ಅದು ಅಪ್ರಾಮಾಣಿಕ ಮಾತಾದೀತು. ಮನೆಯ ಬೆಲೆ ಏರಿತು. ದೊಡ್ಡ ಆಸ್ಪತ್ರೆಗಳು ಹತ್ತಿರವಾದವು. ವಿಮಾನ ನಿಲ್ದಾಣದ ದಾರಿಯಲ್ಲಿ ಎತ್ತರಿಸಿದ ಹೆದ್ದಾರಿ ಬಂತು. ಮಕ್ಕಳು ಮನೆಯಲ್ಲಿದ್ದುಕೊಂಡೇ ಎಂಜಿನಿಯರಿಂಗ್ ಓದಿದರು. ಆದರೆ 2010ರ ಮಾರ್ಚ್‌ನಲ್ಲಿ ಮೊದಲ ಪಾಲಿಕೆ ಚುನಾವಣೆ ನಡೆದಾಗ, ಒಂದಿಡೀ ನಗರಸಭೆಯಾಗಿದ್ದ ನಮ್ಮ ಊರಿಗೆ 198 ವಾರ್ಡುಗಳ ಪೈಕಿ ಕೆಂಪೇಗೌಡ, ಚೌಡೇಶ್ವರಿ, ಅಟ್ಟೂರು, ಯಲಹಂಕ ಉಪನಗರ ಎಂಬ ನಾಲ್ಕು ವಾರ್ಡುಗಳು ಸಿಕ್ಕವು. ಕೌನ್ಸಿಲ್ ಸಭೆ ನಡೆಯುತ್ತಿದ್ದುದು ಹದಿನೈದು ಕಿಲೋಮೀಟರಿಗೂ ದೂರದ ಕಾರ್ಪೊರೇಷನ್ ವೃತ್ತದಲ್ಲಿ. ಹಾಲಿನ ಬೂತಿನ ಬಳಿ ಪ್ರಶ್ನೆ ಕೇಳುವ ಅವಕಾಶ ಅಲ್ಲಿಗೆ ಮುಗಿಯಿತು.

ಈ ದೂರವನ್ನು ಅಂಕಿಗಳಲ್ಲಿ ಅಳೆಯಬಹುದು. 2011ರ ಜನಗಣತಿಯಂತೆ ಬೆಂಗಳೂರು ಪಾಲಿಕೆಯ ಜನಸಂಖ್ಯೆ ಸುಮಾರು 84 ಲಕ್ಷ, ಸದಸ್ಯರು 198. ಅಂದರೆ ಸರಾಸರಿ 42 ಸಾವಿರ ಜನರಿಗೆ ಒಬ್ಬ ಸದಸ್ಯ. ಅದೇ ಜನಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ ಸುಮಾರು 4.35 ಲಕ್ಷ, ಅಲ್ಲಿನ ಪಾಲಿಕೆಯಲ್ಲಿ 45 ವಾರ್ಡುಗಳಿವೆ, ಅಂದರೆ ಹತ್ತು ಸಾವಿರಕ್ಕಿಂತ ಕಡಿಮೆ ಜನರಿಗೆ ಒಬ್ಬ ಸದಸ್ಯ. ಶಿವಮೊಗ್ಗದಲ್ಲಿ 3.22 ಲಕ್ಷ ಜನರಿಗೆ 35 ಸದಸ್ಯರು. ಹುಬ್ಬಳ್ಳಿ–ಧಾರವಾಡದಲ್ಲಿ 9.43 ಲಕ್ಷ ಜನರಿಗೆ 82 ಸದಸ್ಯರು. ಬೆಂಗಳೂರನ್ನು ಬಿಟ್ಟು ಈ ಊರುಗಳಿಗೆ ಹೋದವರ ಮತದ ತೂಕ ಸುಮಾರು ನಾಲ್ಕು ಪಟ್ಟು ಹೆಚ್ಚಾಯಿತೆಂದು ತಿಳಿಯಬಹುದು. ಬಾಡಿಗೆಯ ಉಳಿತಾಯವನ್ನು ಲೆಕ್ಕ ಹಾಕುವ ಯಾರೂ ಈ ಗಳಿಕೆಯನ್ನು ಬರೆದುಕೊಳ್ಳುವುದಿಲ್ಲ.

ಇನ್ನು ಅಲ್ಲಿನ ಬದುಕಿನ ಮಾತು. ನನ್ನ ಸೋದರಳಿಯ 2021ರಲ್ಲಿ ಆರ್.ಟಿ. ನಗರದ ಬಾಡಿಗೆ ಮನೆ ಬಿಟ್ಟು ಹೆಂಡತಿ, ಎಂಟು ವರ್ಷದ ಮಗಳೊಡನೆ ದಾವಣಗೆರೆಯ ವಿದ್ಯಾನಗರಕ್ಕೆ ಹೋದ. ನಾನೂ ಆ ಊರಿನಲ್ಲಿ, ಅದು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಹೊಸತರಲ್ಲಿ, ಕೆಲವು ತಿಂಗಳು ಕೆಲಸ ಮಾಡಿದ್ದೇನೆ. ಹತ್ತಿ ಗಿರಣಿಗಳ ಊರು ಕಾಲೇಜುಗಳ ಊರಾಗಿ ಬದಲಾಗುತ್ತಿದ್ದ ಕಾಲ ಅದು. ಅವನ ಅನುಭವವನ್ನು ಕೇಳುತ್ತ, ಆಗಾಗ ಹೋಗಿ ನೋಡುತ್ತ, ನನಗೆ ತಿಳಿದದ್ದನ್ನು ಹೇಳುತ್ತೇನೆ.

ಮೊದಲ ಗಳಿಕೆ ಸಮಯದ್ದು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ದಿನಕ್ಕೆ ಎರಡು ಹೊತ್ತು ನಿಲ್ಲುತ್ತಿದ್ದವನಿಗೆ ಈಗ ಸಂಜೆ ಎಂಬುದೊಂದು ಸಿಕ್ಕಿದೆ. ಮಗಳ ಶಾಲೆ, ಬ್ಯಾಂಕು, ಮಾರುಕಟ್ಟೆ, ರೈಲು ನಿಲ್ದಾಣ ಎಲ್ಲವೂ ಸ್ಕೂಟರಿನಲ್ಲಿ ಹದಿನೈದು ನಿಮಿಷದ ದಾರಿ. ಭಾನುವಾರ ಬೆಳಿಗ್ಗೆ ಕುಂದುವಾಡ ಕೆರೆಯ ಏರಿಯ ಮೇಲೆ ನಡೆದು, ಬೆಣ್ಣೆದೋಸೆ ತಿಂದು ಮನೆಗೆ ಬಂದರೂ ಇನ್ನೂ ಒಂಬತ್ತು ಗಂಟೆ. ಬೆಂಗಳೂರಿಗೆ ಬರಬೇಕಾದರೆ ಯಶವಂತಪುರದಲ್ಲಿ ನಿಲ್ಲುವ ವಂದೇ ಭಾರತ್ ರೈಲು 2023ರಿಂದ ಇದೆ. ನಾಲ್ಕು ಗಂಟೆಯೊಳಗಿನ ಪ್ರಯಾಣ. ‘ಮಾವ, ವೈಟ್‌ಫೀಲ್ಡಿಗೆ ಹೋಗಿ ಬರೋ ಹೊತ್ತಿನಲ್ಲಿ ನಾನು ದಾವಣಗೆರೆಯಿಂದಲೇ ಬಂದುಬಿಡ್ತೀನಿ’ ಎಂದು ಅವನು ತಮಾಷೆ ಮಾಡುತ್ತಾನೆ. ಅದರಲ್ಲಿ ಉತ್ಪ್ರೇಕ್ಷೆ ಅಷ್ಟೇನೂ ಇಲ್ಲ.

ಎರಡನೆಯ ಕಲಮಿನಲ್ಲಿ ಬರೆಯಬೇಕಾದದ್ದೂ ಸಾಕಷ್ಟಿದೆ. ಮೊದಲನೆಯದು ನೀರು. ನಮ್ಮ ಬಹುಪಾಲು ಮಧ್ಯಮ ನಗರಗಳಲ್ಲಿ ನಲ್ಲಿಯಲ್ಲಿ ನೀರು ದಿನವೂ ಬರುವುದಿಲ್ಲ. ಬಂದ ದಿನ ಹಿಡಿದಿಟ್ಟುಕೊಳ್ಳಬೇಕು. ಮನೆ ನೋಡಲು ಹೋದವರು ಕೋಣೆಗಳಿಗಿಂತ ಮೊದಲು ಸಂಪಿನ ಆಳವನ್ನು ನೋಡುವುದು ಲೇಸು. ಭದ್ರೆ, ತುಂಗಭದ್ರೆ, ಮಲಪ್ರಭೆಯಂತಹ ನದಿಗಳ ನೆರೆಯಲ್ಲಿದ್ದೂ ಹೀಗಿರುವುದಕ್ಕೆ ಕಾರಣ ನೀರಿನ ಕೊರತೆಯೊಂದೇ ಅಲ್ಲ. ಹಳೆಯ ಕೊಳವೆಗಳು, ಸೋರಿಕೆ, ಅಳತೆಯಿಲ್ಲದ ಹಂಚಿಕೆಯೂ ಹೌದು. 2008ರ ವೇಳೆಗೆ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ಭಾಗಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ಯಶಸ್ವಿಯಾಯಿತು. ಕೊಳವೆ ಬದಲಿಸಿ, ಮೀಟರು ಕೂರಿಸಿದರೆ ಇದು ಸಾಧ್ಯವೆಂಬುದು ಅಲ್ಲಿ ಸಾಬೀತಾಯಿತು. ಆದರೆ ಆ ಸೌಲಭ್ಯ ಆ ಊರುಗಳ ಉಳಿದ ಬೀದಿಗಳಿಗೆ ಸಾಗಲು ಒಂದು ತಲೆಮಾರೇ ಬೇಕಾದೀತೇನೋ ಎನ್ನುವಷ್ಟು ನಿಧಾನವಾಯಿತು.

ಎರಡನೆಯದು ಉದ್ಯೋಗ. ದೊಡ್ಡ ನಗರದಲ್ಲಿ ಒಂದೇ ಕಸುಬಿನವರು ಒಂದೆಡೆ ಸೇರುವುದರಿಂದ ಕೆಲಸಗಾರನಿಗೂ ಮಾಲೀಕನಿಗೂ ಅನುಕೂಲವೆಂದು ಆಲ್ಫ್ರೆಡ್ ಮಾರ್ಷಲ್ ನೂರು ವರ್ಷಕ್ಕೂ ಹಿಂದೆ ವಿವರಿಸಿದ್ದರು. ಮಧ್ಯಮ ನಗರದಲ್ಲಿ ಈ ಅನುಕೂಲ ತೆಳುವಾಗಿರುತ್ತದೆ. ಸೋದರಳಿಯನ ಕೆಲಸ ಅವನೊಡನೆಯೇ ಊರು ಬದಲಿಸಿತು. ಅವನ ಹೆಂಡತಿಯದು ಬದಲಿಸಲಿಲ್ಲ. ಬೆಂಗಳೂರಿನಲ್ಲಿ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆಯಾಗಿದ್ದಾಕೆಗೆ ಅಲ್ಲಿ ಅರ್ಧ ಸಂಬಳದ ಕೆಲಸಗಳಷ್ಟೇ ಸಿಕ್ಕವು. ಕೊನೆಗೆ ಆಕೆ ಅಂಗಡಿಕಾರರಿಗೆ ತೆರಿಗೆ ಲೆಕ್ಕ ಬರೆದುಕೊಡುವ ಸ್ವಂತ ಕಚೇರಿ ತೆರೆದಳು. ಅದು ಈಗ ನಡೆಯುತ್ತಿದೆ, ನಿಜ. ಆದರೆ ಊರು ಬದಲಿಸುವ ಲೆಕ್ಕದಲ್ಲಿ ಗಂಡನ ಸಂಬಳವನ್ನು ಉಳಿತಾಯವೆಂದೂ ಹೆಂಡತಿಯ ಸಂಬಳವನ್ನು ಹೊಂದಾಣಿಕೆಯೆಂದೂ ಬರೆಯುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಹೊರಡುವವರು ಇದನ್ನು ಮೊದಲೇ ಮುಕ್ತವಾಗಿ ಮಾತನಾಡಿಕೊಳ್ಳಬೇಕು.

ಮೂರನೆಯದು ಹೇಳಲು ಮುಜುಗರವಾಗುವ ಸಂಗತಿ. ಬಾಡಿಗೆ ಮನೆ ಕೇಳಲು ಹೋದರೆ ‘ನೀವು ಯಾವ ಜನ?’ ಎಂಬ ಪ್ರಶ್ನೆ ಬಾಗಿಲಲ್ಲೇ ಎದುರಾಗುತ್ತದೆ. ಬೆಂಗಳೂರಿನಲ್ಲಿ ಇದು ಇಲ್ಲವೆಂದಲ್ಲ. ಆದರೆ ಅಲ್ಲಿ ಒಂದು ಬಾಗಿಲು ಮುಚ್ಚಿದರೆ ಇನ್ನೂ ನೂರು ಬಾಗಿಲುಗಳಿರುತ್ತವೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಕಷ್ಟಕ್ಕೆ ಆಗುವವರೂ ಇರುತ್ತಾರೆ, ಹೊಸಿಲು ದಾಟಗೊಡದವರೂ ಇರುತ್ತಾರೆ. ಪರಿಚಯದ ಊರಿನ ಬೆಚ್ಚನೆಯ ಬಗ್ಗೆ ಬರೆಯುವವರು ಹೆಚ್ಚಾಗಿ ಬಾಗಿಲ ಒಳಗಿರುವವರು. ದಲಿತರಿಗೂ ಮುಸ್ಲಿಮರಿಗೂ ಒಂಟಿಯಾಗಿ ದುಡಿಯುವ ಹೆಣ್ಣುಮಕ್ಕಳಿಗೂ ಮಹಾನಗರದ ಅನಾಮಿಕತೆಯೇ ಎಷ್ಟೋ ಸಲ ಆಶ್ರಯವಾಗಿದೆ ಎಂಬುದನ್ನು ಅಲ್ಲಗಳೆಯಲಾಗದು.

ನಾಲ್ಕನೆಯದು ಚಿಕಿತ್ಸೆ. ದಾವಣಗೆರೆಯಲ್ಲಿ 1965ರಿಂದಲೇ ವೈದ್ಯಕೀಯ ಕಾಲೇಜಿದೆ. ಸಾಮಾನ್ಯ ಕಾಯಿಲೆಗಳಿಗೆ ಅಲ್ಲಿ ಒಳ್ಳೆಯ ವೈದ್ಯರಿಗೆ ಕೊರತೆಯಿಲ್ಲ. ಎಲ್ಲ ಮಧ್ಯಮ ನಗರಗಳ ಸ್ಥಿತಿ ಹೀಗಿಲ್ಲ. ನನ್ನ ಪತ್ನಿ ಆರು ತಿಂಗಳಿಗೊಮ್ಮೆ ತಜ್ಞ ವೈದ್ಯರನ್ನು ಕಾಣಬೇಕಾದವರು. ನಾವಿಬ್ಬರೂ ಯಲಹಂಕದ ಮನೆಯನ್ನು ಬಾಡಿಗೆಗೆ ಕೊಟ್ಟು ಹೋಗುವ ಮಾತಾಡಿದಾಗಲೆಲ್ಲ ಕೊನೆಗೆ ಬಂದು ನಿಲ್ಲುವುದು ಈ ವಿಷಯಕ್ಕೆ. ಅರವತ್ತರ ನಂತರ ಊರು ಆಯ್ದುಕೊಳ್ಳುವವರು ಪೇಟೆಗೆ ಇರುವ ದೂರಕ್ಕಿಂತ ಮೊದಲು ರಾತ್ರಿ ಎರಡು ಗಂಟೆಗೆ ತೆರೆದಿರುವ ಹೃದಯ ಚಿಕಿತ್ಸಾ ಘಟಕಕ್ಕೆ ಇರುವ ದೂರವನ್ನು ನೋಡಬೇಕು.

ಇಷ್ಟೆಲ್ಲ ಕೂಡಿ ಕಳೆದ ಮೇಲೂ ಮಧ್ಯಮ ನಗರದ ತಕ್ಕಡಿ ಕೆಳಗೇ ತೂಗುತ್ತದೆ ಎಂಬುದು ನನ್ನ ಅನಿಸಿಕೆ. ನಗರವೊಂದಕ್ಕೆ ಹಿತವಾದ ಜನಸಂಖ್ಯೆಯ ಮೇಲಿನ ಮಿತಿ ಸುಮಾರು ಐದು ಲಕ್ಷವೆಂದು ಅರ್ಥಶಾಸ್ತ್ರಜ್ಞ ಇ.ಎಫ್. ಶುಮಾಕರ್ 1973ರಲ್ಲೇ ಅಂದಾಜಿಸಿದ್ದರು. ಧಾರವಾಡದಲ್ಲಿ ಎಂ.ಎ. ಓದುವಾಗ ನಮಗೆ ಇದು ತುಸು ಅತಿಯೆನಿಸಿತ್ತು. ಆದರೆ ನಮ್ಮ ಹಿರಿಯರು ನೆನೆನೆನೆದು ಹೇಳುವ ತಂಪು ಬೆಂಗಳೂರು ಯಾವುದು? 1941ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ. ಅಂದರೆ 2011ರ ದಾವಣಗೆರೆಗಿಂತ ತುಸು ಕಡಿಮೆ. 1951ರಲ್ಲಿ ಅದು ಎಂಟು ಲಕ್ಷದ ಹತ್ತಿರ ಬಂದಿತ್ತು. ಆಗಲೂ 2011ರ ಹುಬ್ಬಳ್ಳಿ–ಧಾರವಾಡಕ್ಕಿಂತ ಚಿಕ್ಕದು. ನಾವು ಕಳೆದುಕೊಂಡೆವೆಂದು ಹಲುಬುವ ಆ ಬೆಂಗಳೂರು ಒಂದು ಮಧ್ಯಮ ನಗರವಾಗಿತ್ತು.

ಅಂದು ಮೈಸೂರಿಗಿಂತ ಬೆಂಗಳೂರು ಮೂರು ಪಟ್ಟಿಗೆ ತುಸು ಹೆಚ್ಚು ದೊಡ್ಡದಿತ್ತು. 2011ರಲ್ಲಿ ಎಂಟೂವರೆ ಪಟ್ಟು ದೊಡ್ಡದಾಗಿತ್ತು. ರಾಜ್ಯದ ನಗರವಾಸಿಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ಒಂದೇ ನಗರದಲ್ಲಿ ನೆಲೆಸಿದರು. ಇದು ತನ್ನಿಂದ ತಾನೇ ಆದದ್ದಲ್ಲ. ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಅಭಿವೃದ್ಧಿಗೆಂದು ಕೇಂದ್ರ ಸರ್ಕಾರ 1979ರಲ್ಲೇ ಯೋಜನೆಯೊಂದನ್ನು ತಂದಿತ್ತು. ಆದರೆ ಹಣದ ಹರಿವು ಹೆಚ್ಚಿದಾಗ ಅದು ಹರಿದದ್ದು ದೊಡ್ಡ ಊರುಗಳಿಗೆ. 2005ರ ನರ್ಮ್ ಯೋಜನೆಯ ಮುಖ್ಯ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರು ಮತ್ತು ಮೈಸೂರು ಮಾತ್ರ. 2016ರಿಂದ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ದಾವಣಗೆರೆ, ಬೆಳಗಾವಿ, ಹುಬ್ಬಳ್ಳಿ–ಧಾರವಾಡ, ಶಿವಮೊಗ್ಗ, ತುಮಕೂರು, ಮಂಗಳೂರುಗಳಿಗೆ ಹಣ ಬಂತು, ನಿಜ. ರಸ್ತೆಗಳು ಅಗಲವಾದವು, ಉದ್ಯಾನಗಳು ಚೆಂದವಾದವು. ಆದರೆ ಆ ಹಣ ಹೋದದ್ದು ಪಾಲಿಕೆಯ ಕೌನ್ಸಿಲ್ಲಿಗಲ್ಲ, ಅದಕ್ಕಾಗಿಯೇ ರಚಿಸಿದ ಕಂಪನಿಗಳಿಗೆ. ಯಾವ ಬೀದಿಯನ್ನು ಅಗೆಯಬೇಕೆಂಬ ತೀರ್ಮಾನವನ್ನು ಆ ಬೀದಿಯವರು ಆರಿಸಿದ ಸದಸ್ಯ ಮಾಡಲಿಲ್ಲ. 2025ರ ಮಾರ್ಚ್‌ನಲ್ಲಿ ಯೋಜನೆ ಮುಗಿಯಿತು. ಕಟ್ಟಿದ್ದನ್ನು ನಿರ್ವಹಿಸುವ ಹೊಣೆ ಪಾಲಿಕೆಗಳ ಹೆಗಲಿಗೆ ಉಳಿಯಿತು.

ಹಣಕ್ಕಿಂತಲೂ ಗಂಭೀರವಾದದ್ದು ಚುನಾವಣೆಯ ಪ್ರಶ್ನೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್‌ನಲ್ಲಿ ಜಾರಿಗೆ ಬಂತು. ನಗರ ಸ್ಥಳೀಯ ಸಂಸ್ಥೆಯ ಅವಧಿ ಐದು ವರ್ಷ. ಅದು ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕು ಎಂಬುದು ಅದರ ಸ್ಪಷ್ಟ ಆದೇಶ. ನಡೆದದ್ದೇನು? ಹುಬ್ಬಳ್ಳಿ–ಧಾರವಾಡ ಪಾಲಿಕೆಯ ಅವಧಿ 2019ರಲ್ಲಿ ಮುಗಿಯಿತು, ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಐದು ವರ್ಷ ಕಳೆದು, ಪಾಲಿಕೆಯೇ ಇಲ್ಲವಾದರೂ ಚುನಾವಣೆ ಬರಲಿಲ್ಲ. ಮೈಸೂರು, ಶಿವಮೊಗ್ಗ, ತುಮಕೂರು ಪಾಲಿಕೆಗಳ ಅವಧಿ 2023ರಲ್ಲಿ ಮುಗಿಯಿತು. ದಾವಣಗೆರೆ ಮತ್ತು ಮಂಗಳೂರಿನದು 2025ರ ಆರಂಭದಲ್ಲಿ. ಅಲ್ಲಿಯೂ ಸಕಾಲಕ್ಕೆ ಚುನಾವಣೆಯಾಗಲಿಲ್ಲ, ಆಡಳಿತಾಧಿಕಾರಿಗಳು ಬಂದರು.

ಆಡಳಿತಾಧಿಕಾರಿಯ ಕುರ್ಚಿಯನ್ನು ನಾನು ಹತ್ತಿರದಿಂದ ಬಲ್ಲೆ. ಅಲ್ಲಿ ಕುಳಿತವರಲ್ಲಿ ದಕ್ಷರೂ ಪ್ರಾಮಾಣಿಕರೂ ಅನೇಕರಿದ್ದಾರೆ. ಆದರೆ ಅವರು ಉತ್ತರ ಕೊಡಬೇಕಾದದ್ದು ಮೇಲಿನವರಿಗೆ, ಬೀದಿಯವರಿಗಲ್ಲ. ವರ್ಗಾವಣೆಯ ಆದೇಶ ಬಂದ ದಿನ ಅವರು ಊರು ಬಿಡುತ್ತಾರೆ; ಚರಂಡಿ ಅಲ್ಲೇ ಇರುತ್ತದೆ. ಸದಸ್ಯರೆಲ್ಲ ಗುತ್ತಿಗೆದಾರರ ನೆಂಟರು, ಅವರಿಲ್ಲದಿದ್ದರೇ ಕೆಲಸ ಸುಗಮ ಎಂದು ವಾದಿಸುವವರು ನಮ್ಮ ವಿದ್ಯಾವಂತ ವರ್ಗದಲ್ಲೇ ಹೆಚ್ಚು. ಭ್ರಷ್ಟಾಚಾರದ ದೂರು ಸುಳ್ಳೆಂದು ನಾನು ಹೇಳಲಾರೆ. ಆದರೆ ಅದೇ ದೂರು ಶಾಸನಸಭೆಯ ಮೇಲೂ ಇದೆ. ಅದಕ್ಕಾಗಿ ಯಾರೂ ವಿಧಾನಸಭೆಗೆ ಆಡಳಿತಾಧಿಕಾರಿಯನ್ನು ಕೇಳುವುದಿಲ್ಲ. ಕೆಟ್ಟ ಸದಸ್ಯನನ್ನು ಐದು ವರ್ಷಕ್ಕೊಮ್ಮೆಯಾದರೂ ಬದಲಿಸಬಹುದು. ಚುನಾವಣೆಯೇ ಇಲ್ಲದ ಊರಿನಲ್ಲಿ ಬದಲಿಸುವುದಾದರೂ ಯಾರನ್ನು?

ಬೆಂಗಳೂರಿನ ಮಟ್ಟಿಗೆ ಸರ್ಕಾರವೇ ಒಂದು ಸತ್ಯವನ್ನು ಒಪ್ಪಿಕೊಂಡಂತಿದೆ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಪಾಲಿಕೆಯನ್ನು ಐದಾಗಿ ವಿಭಜಿಸಲಾಯಿತು. ಯಲಹಂಕ ಈಗ ಬೆಂಗಳೂರು ಉತ್ತರ ಪಾಲಿಕೆಯಲ್ಲಿದೆ. ಅದೇ ವರ್ಷದ ಜನವರಿಯಲ್ಲಿ, 1962ರಿಂದ ಹುಬ್ಬಳ್ಳಿಯೊಡನೆ ಒಂದೇ ಪಾಲಿಕೆಯಲ್ಲಿದ್ದ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ನೀಡಲು ಸಚಿವ ಸಂಪುಟ ಒಪ್ಪಿತು. ಊರು ಅತಿಯಾಗಿ ದೊಡ್ಡದಾದರೆ ಆಡಳಿತ ಕೈಗೆಟುಕದು ಎಂಬ ವಾದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಆದರೆ ಒಡೆದ ಮಾತ್ರಕ್ಕೆ ಆಡಳಿತ ಹತ್ತಿರವಾಗುವುದಿಲ್ಲ. ಸಮಯಕ್ಕೆ ಸರಿಯಾದ ಚುನಾವಣೆ, ಸ್ವಂತ ವರಮಾನ ಮತ್ತು ತೀರ್ಮಾನಿಸುವ ಅಧಿಕಾರ ಮೂರೂ ಇಲ್ಲದಿದ್ದರೆ ಅದು ಫಲಕ ಬದಲಿಸಿದಂತೆ ಅಷ್ಟೆ.

ಆದ್ದರಿಂದ ‘ಬಿಯಾಂಡ್ ಬೆಂಗಳೂರು’ ಎಂಬ ಹೆಸರಿನಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿಗಳಿಗೆ ಉದ್ಯಮಗಳನ್ನು ಕರೆಯುತ್ತಿರುವ ಸರ್ಕಾರ ಕೆಲವು ಸಂಗತಿಗಳನ್ನು ಮೊದಲು ಮಾಡಬೇಕಿದೆ. ಎಲ್ಲ ಪಾಲಿಕೆಗಳಿಗೆ ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಸಬೇಕು. ಮೀಸಲಾತಿ ಪಟ್ಟಿ, ವಾರ್ಡ್ ವಿಂಗಡಣೆಗಳ ನೆಪಕ್ಕೆ ಆಸ್ಪದವಾಗದಂತೆ ಆ ಕೆಲಸವನ್ನು ಒಂದು ವರ್ಷ ಮುಂಚೆಯೇ ಮುಗಿಸಬೇಕು. ಮೇಯರ್ ಅವಧಿಯನ್ನು ಒಂದು ವರ್ಷದಿಂದ ಹೆಚ್ಚಿಸಬೇಕು. ಹನ್ನೆರಡು ತಿಂಗಳಲ್ಲಿ ಯಾವ ಮೇಯರೂ ಒಂದು ಬಜೆಟ್ಟನ್ನು ಮಂಡಿಸಿ ಅದರ ಫಲವನ್ನು ಕಾಣಲಾರರು. ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ಊರುಗಳಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕೆಂದು ಸಂವಿಧಾನ ಹೇಳುತ್ತದೆ. ತುಮಕೂರು, ಶಿವಮೊಗ್ಗ, ವಿಜಯಪುರ, ದಾವಣಗೆರೆ ಎಲ್ಲವೂ 2011ರಲ್ಲೇ ಆ ಗಡಿಯನ್ನು ದಾಟಿವೆ. ಆ ಸಮಿತಿಗಳು ತಿಂಗಳಿಗೊಮ್ಮೆ ಸಭೆ ಸೇರಿ, ನಡಾವಳಿಯನ್ನು ಬೀದಿಯವರಿಗೆ ಕಾಣುವಂತೆ ಹಚ್ಚಬೇಕು. ಊರಂಚಿನಲ್ಲಿ ಏಳುತ್ತಿರುವ ಬಡಾವಣೆಗಳಿಗೆ ಒಳಚರಂಡಿ ಮತ್ತು ನೀರಿನ ಕೊಳವೆ ಬಂದ ನಂತರವೇ ನಿವೇಶನ ಮಾರಲು ಅನುಮತಿ ಸಿಗಬೇಕು. ಹೆಬ್ಬಾಳದಾಚೆಗಿನ ಬಡಾವಣೆಗಳು ಹಿಂದುಮುಂದಾಗಿ ಬೆಳೆದದ್ದನ್ನು ಕಂಡ ನಮಗೆ ಇದರ ಬೆಲೆ ಗೊತ್ತಿದೆ.

ಇದು ಸರ್ಕಾರ ಮಾತ್ರ ಮಾಡುವ ಕೆಲಸವಲ್ಲ. ಬೆಂಗಳೂರಿನಿಂದ ಹೊರಟವರು ಹೋದಲ್ಲಿ ಗೇಟು ಹಾಕಿದ ಬಡಾವಣೆಯಲ್ಲಿ ಮನೆ ಮಾಡಿ, ಕೊಳವೆಬಾವಿ ಕೊರೆಸಿ, ಮತದಾರರ ಪಟ್ಟಿಯಲ್ಲಿ ಹೆಸರನ್ನು ಬೆಂಗಳೂರಿನಲ್ಲೇ ಬಿಟ್ಟರೆ ಆ ಊರಿಗೆ ಅವರಿಂದ ಆಗುವುದು ಮನೆ ಬಾಡಿಗೆಯ ಏರಿಕೆ ಮಾತ್ರ. ಅಲ್ಲಿ ಹುಟ್ಟಿ ಬೆಳೆದ ಗುಮಾಸ್ತ, ಮಂಡಕ್ಕಿ ಭಟ್ಟಿಯ ಕೆಲಸಗಾರ, ಆಟೊ ಚಾಲಕ ಆ ಏರಿಕೆಯನ್ನು ತೆರಬೇಕಾಗುತ್ತದೆ. ಬೆಂಗಳೂರಿನ ಸಂಬಳ ತೆಗೆದುಕೊಂಡು ದಾವಣಗೆರೆಯ ಖರ್ಚಿನಲ್ಲಿ ಬದುಕುವವರಿಗೆ ಆ ಊರಿನ ಋಣ ಇದ್ದೇ ಇರುತ್ತದೆ. ಅದನ್ನು ತೀರಿಸುವ ಬಗೆ ಕಷ್ಟದ್ದೇನಲ್ಲ. ಹೋದ ವರ್ಷವೇ ಮತದಾರರ ಪಟ್ಟಿಗೆ ಹೆಸರು ಸೇರಿಸುವುದು, ಕಂದಾಯವನ್ನು ಸರಿಯಾಗಿ ಕಟ್ಟುವುದು, ವಾರ್ಡ್ ಸಭೆ ಕರೆದರೆ ಹೋಗಿ ಕುಳಿತುಕೊಳ್ಳುವುದು, ಕರೆಯದಿದ್ದರೆ ಏಕೆ ಕರೆಯಲಿಲ್ಲವೆಂದು ಕೇಳುವುದು. ಸೋದರಳಿಯನ ಹೆಂಡತಿ ತನ್ನ ಬೀದಿಯ ಐದಾರು ಹೆಂಗಸರೊಡನೆ ಸೇರಿ ನೀರು ಬಿಡುವ ವೇಳಾಪಟ್ಟಿಯನ್ನು ಬರೆದು ಹಾಕುವಂತೆ ಕೇಳಿ, ಹಾಕಿಸಿಕೊಂಡಳು. ನೀರು ಹೆಚ್ಚಾಗಲಿಲ್ಲ, ಆದರೆ ಯಾವ ದಿನ ಬರುತ್ತದೆಂದು ತಿಳಿಯಿತು. ಯಶವಂತಪುರದಲ್ಲೋ ಆರ್.ಟಿ. ನಗರದಲ್ಲೋ ಇಷ್ಟಕ್ಕೆ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕಾಗಿತ್ತೆಂದು ಓದುಗರೇ ಊಹಿಸಬಹುದು.

ಹೋಗಬಹುದೆ ಎಂದು ಕೇಳುವವರಿಗೆ ಈಗ ನಾನು ಕೊಡುವ ಉತ್ತರ ಇಷ್ಟು: ಹೋಗಿ. ಮೊದಲು ಆರು ತಿಂಗಳು ಬಾಡಿಗೆ ಮನೆಯಲ್ಲಿದ್ದು ನೋಡಿ. ಅದರಲ್ಲಿ ಒಂದು ಬೇಸಿಗೆ ಸೇರಿರಲಿ. ಮನೆಯಲ್ಲಿ ದುಡಿಯುವವರು ಇಬ್ಬರಿದ್ದರೆ ಇಬ್ಬರ ಕೆಲಸದ ಲೆಕ್ಕವನ್ನೂ ಬರೆಯಿರಿ. ಆಸ್ಪತ್ರೆಯ ದೂರವನ್ನು ರಾತ್ರಿಯ ಹೊತ್ತಿನಲ್ಲಿ ಅಳೆಯಿರಿ. ಕೊನೆಯದಾಗಿ, ಆ ಊರಿನ ಪಾಲಿಕೆಗೆ ಹಿಂದಿನ ಚುನಾವಣೆ ಯಾವಾಗ ನಡೆಯಿತು, ಮುಂದಿನದು ಯಾವಾಗ ನಡೆಯಬೇಕು ಎಂಬುದನ್ನು ವಿಚಾರಿಸಿ. ಮನೆ ತೋರಿಸುವ ದಲ್ಲಾಳಿಗೆ ಈ ಪ್ರಶ್ನೆ ವಿಚಿತ್ರವೆನಿಸೀತು. ಕೇಳುವವರು ಹೆಚ್ಚಾದರೆ ಉತ್ತರವನ್ನು ತಿಳಿದುಕೊಳ್ಳುವ ಹೊಣೆ ಅವನಿಗೂ, ಉತ್ತರವನ್ನು ಕೊಡುವ ಹೊಣೆ ಸರ್ಕಾರಕ್ಕೂ ಬರುತ್ತದೆ.